ಶೆಡ್ ನಂಬರ್ ಹನ್ನೆರಡು

ನಮ್ಮಪ್ಪ ಹಣಮಪ್ಪ ಎರಡು ಸಲ ನೀರಿಗೆ ಮನೆ ಕೊಟ್ಟವನು. ಮೊದಲನೇ ಸಲ ಬೀಳಗಿ ತಾಲ್ಲೂಕಿನ ಹೊಳೆದಂಡೆಯ ಊರಲ್ಲಿ. ಆಣೆಕಟ್ಟಿನ ಹಿನ್ನೀರು ಬಂದು ಆ ಊರೇ ಮುಳುಗಿತು. ಎರಡನೇ ಸಲ ಜಮಖಂಡಿ ತಾಲ್ಲೂಕಿನ ಬನ್ನಿಹಾಳದಲ್ಲಿ. ಅದು ನಮ್ಮವ್ವ ತಾಯವ್ವನ ತವರು. ಮೊದಲ ಊರು ಹೋದಮೇಲೆ ಅಪ್ಪ ಅಲ್ಲಿಗೆ ಬಂದು ನೆಲೆಸಿದ್ದ. ಎರಡು ಸಾವಿರದ ಹತ್ತೊಂಬತ್ತರ ಆಗಸ್ಟಿನಲ್ಲಿ ಕೃಷ್ಣೆ ಅಲ್ಲಿಗೂ ಬಂದಳು.

ನಾವು ಮಾದರು. ಬನ್ನಿಹಾಳದಲ್ಲಿ ನಮ್ಮ ಕೇರಿ ಎಲ್ಲರಿಗಿಂತ ಕೆಳಗಿತ್ತು, ಹೊಳೆಯ ಕಡೆಗೆ. ನೀರು ಬಂದಾಗ ಮೊದಲು ನಮ್ಮ ಮನೆ ಹೋಯಿತು. ಮೇಲಿನ ಓಣಿಯವರಿಗೆ ಸಾಮಾನು ಕಟ್ಟಿಕೊಳ್ಳಲು ಒಂದು ದಿನ ಸಿಕ್ಕಿತು. ನಮಗೆ ಒಂದು ತಾಸು. ಅವ್ವ ಹಿಟ್ಟಿನ ಡಬ್ಬಿ ಹೊತ್ತುಕೊಂಡು ಎದೆಮಟ್ಟದ ನೀರಲ್ಲಿ ನಡೆದು ಬಂದಳು. ಅಪ್ಪ ಎರಡು ಕೌದಿ ತಲೆಯ ಮೇಲಿಟ್ಟುಕೊಂಡು ಬಂದ. ಬೇರೆ ಏನೂ ಉಳಿಯಲಿಲ್ಲ.

ನಾನು ಅವರ ಒಬ್ಬಳೇ ಮಗಳು ಅಂಜನಾ. ಊರ ಲೆಕ್ಕಪತ್ರ ನೋಡುವ ತಲಾಟಿ ನೌಕರಿಗೆ ಸೇರಿ ಆಗ ಎರಡು ವರ್ಷವಾಗಿತ್ತು. ಕೆಲಸ ಬಾಡಗಂಡಿ ಕಡೆ. ನೆರೆ ಬಂದಾಗ ಮಂದಿ ಸಾಲದೆ ನನ್ನನ್ನು ಜಮಖಂಡಿ ಕಡೆಗೆ ಹಾಕಿದರು. ತಹಶೀಲ್ದಾರರು ಕರೆದು, "ನಿಮ್ಮ ಊರ ಮಂದಿ ಅಲ್ಲೇನು? ನಿಮ್ಮ ಮಾತು ಕೇಳ್ತಾರ. ಆ ಗಂಜಿ ಕೇಂದ್ರ ನೀವ ನೋಡ್ಕೋರಿ" ಅಂದರು. ಅವರು ಕೆಟ್ಟ ಮನುಷ್ಯರಲ್ಲ. ಯಾರಿಗೂ ಏರುದನಿಯಲ್ಲಿ ಮಾತಾಡಿದವರಲ್ಲ.

ಕೇಂದ್ರವೆಂದರೆ ದಿಬ್ಬದ ಮೇಲಿನ ಒಂದು ಹೈಸ್ಕೂಲು. ಏಳು ಕೋಣೆ, ನಾನೂರು ಮಂದಿ. ಬಾಗಿಲಲ್ಲಿ ಬೆಂಚು ಹಾಕಿಕೊಂಡು ರಿಜಿಸ್ಟರಿನಲ್ಲಿ ಹೆಸರು ಬರೆದುಕೊಂಡೆ. ಹೆಸರು, ವಯಸ್ಸು, ಗಂಡು, ಹೆಣ್ಣು. ಜಾತಿಯ ಕಾಲಮ್ಮು ಅದರಲ್ಲಿ ಇರಲಿಲ್ಲ. ಬಂದವರು ಬಂದ ಹಾಗೆ ಕೋಣೆ ತುಂಬಿದರು. ಯಾರ ಪಕ್ಕಕ್ಕೆ ಯಾರು ಎಂದು ನೋಡುವಷ್ಟು ಜಾಗವೂ ಇರಲಿಲ್ಲ, ಜೀವವೂ ಇರಲಿಲ್ಲ.

ಮೊದಲ ದಿನ ಅಡುಗೆಯವರು ಬರಲಿಲ್ಲ. ಸೇತುವೆ ಬಂದ್ ಆಗಿತ್ತು. ಟ್ರ್ಯಾಕ್ಟರಿನಲ್ಲಿ ಅಕ್ಕಿ, ಬೇಳೆ, ಎಣ್ಣೆ ಮಾತ್ರ ಬಂದವು. ಮಂದಿ ಒಂದೂವರೆ ದಿನದಿಂದ ಉಂಡಿರಲಿಲ್ಲ. ಎಲ್ಲರೂ ಚೀಲಗಳನ್ನೇ ನೋಡುತ್ತ ಕೂತಿದ್ದರು. ಅವ್ವ ಎದ್ದಳು. ಶಾಲೆಯ ಹಿಂದೆ ಬಿದ್ದಿದ್ದ ಇಟ್ಟಿಗೆ ತಂದು ಒಲೆ ಹೂಡಿದಳು. ಹಸಿ ಕಟ್ಟಿಗೆಯನ್ನು ಊದಿ ಊದಿ ಕಣ್ಣು ಕೆಂಪಾದವು. ಆಗ ಮೇಲಿನ ಓಣಿಯ ಸಾವಿತ್ರೆವ್ವ ಸೆರಗು ಸಿಕ್ಕಿಸಿಕೊಂಡು ಬಂದು ಎದುರಿಗೆ ಕೂತಳು. ಅವಳ ಗಂಡ ಈರಪ್ಪ ಊರಲ್ಲಿ ಎಲ್ಲರಿಗಿಂತ ಹೆಚ್ಚು ಹೊಲ ಇದ್ದವನು. ನಮ್ಮ ಕೇರಿಯ ಅರ್ಧ ಮಂದಿ ಅವನ ಕಬ್ಬಿನಲ್ಲೇ ದುಡಿಯುತ್ತಿದ್ದರು.

"ನೀ ಸರಿ ತಾಯವ್ವ, ಹೊಗಿ ಕುಡದು ಕುಡದು ಸಾಯ್ತಿ. ಬ್ಯಾಳಿ ನಾ ತೊಳಿತೀನಿ" ಅಂದಳು ಸಾವಿತ್ರೆವ್ವ.

"ನೀವ್ಯಾಕ ಬಂದ್ರಿ ಅವ್ವಾರ, ನಾ ಮಾಡ್ತೀನಿ."

"ಸುಮ್ಮನಿರ. ನಾಕ ನೂರ ಮಂದಿಗೆ ನೀ ಒಬ್ಬಾಕಿ ಮಾಡ್ತೀದಿ?"

ಇಬ್ಬರೂ ಸೇರಿ ಅನ್ನ ಸಾರು ಮಾಡಿದರು. ಮಂದಿ ಸಾಲಿನಲ್ಲಿ ನಿಂತರು. ಸಾರಿನ ಸೌಟು ಅವ್ವನ ಕೈಯಲ್ಲಿತ್ತು. ಈರಪ್ಪನೂ ತಾಟು ಹಿಡಿದು ನಿಂತ. ಉಂಡ. ಮತ್ತೆ ಬಂದು ಎರಡನೇ ಸಲ ಹಾಕಿಸಿಕೊಂಡ. ನಾನು ಕಣ್ಣಾರೆ ನೋಡಿದ್ದೇನೆ.

ಮೂರನೇ ದಿನ ಮಳೆ ನಿಂತಾಗ ಅಪ್ಪ ವರಾಂಡದಲ್ಲಿ ಕೂತು ತನ್ನ ಮೊದಲ ಊರಿನ ಮಾತು ತೆಗೆದ.

"ಅಲ್ಲೂ ಹಿಂಗ ಇತ್ತು. ಊರ ಮುಳಗಿದ ಮ್ಯಾಲೆ ತಗಡಿನ ಶೆಡ್ ಹಾಕಿ ಕೊಟ್ರು. ನಮ್ಮ ಈ ಕಡೆ ಒಕ್ಕಲುತನದವ್ರು, ಆ ಕಡೆ ಪಿಂಜಾರರು. ಎರಡ ವರ್ಸ ಒಟ್ಟಿಗೆ ಇದ್ವಿ. ಪಿಂಜಾರ ಮುದಕ ನನಗ ಗಾದಿ ಹೊಲಿಯೂದ ಕಲಿಸಿದ. ಒಕ್ಕಲುತನದವ್ರ ಮನ್ಯಾಗ ಮಗಳ ಲಗ್ನ ಆತು. ನಾವು ಅವರ ಪಂಕ್ತ್ಯಾಗ ಕುಂತ ಉಂಡ್ವಿ."

"ಆಮ್ಯಾಲ?" ಅಂದೆ.

"ಆಮ್ಯಾಲ ಪ್ಲಾಟ ಕೊಟ್ರು. ಹೊಸಾ ಊರ ಆತು. ನಮಗ ಹಳ್ಳದ ದಂಡಿಗೆ ಬಂತು. ಪಿಂಜಾರರಿಗೆ ಇನ್ನೂ ಆಚಿ. ಒಂದಿನ ಆ ಒಕ್ಕಲುತನದವ್ರ ಮನಿಗೆ ಹೋದೆ, ಶೆಡ್ಡಿನ್ಯಾಗ ಹೋಗತಿದ್ದೆನಲ್ಲ ಹಂಗ. ಹೊರಗ ನಿಂದ್ರಿಸಿ ಚಾ ಕೊಟ್ರು. ಕುಡದು, ಕಪ್ಪ ತೊಳದಿಟ್ಟ ಬಂದೆ. ಮತ್ತ ಹೋಗಲಿಲ್ಲ."

ಅವ್ವ ಅಕ್ಕಿ ಆರಿಸುತ್ತ ಕೇಳುತ್ತಿದ್ದಳು. "ಆಗಿನ ಕಾಲ ಬ್ಯಾರೆ. ಈಗ ಹಂಗಿಲ್ಲ. ನಮ್ಮ ಮಗಳು ತಲಾಟಿ ಅದಾಳ" ಅಂದಳು.

ಅಪ್ಪ ಒಣಗಲು ಹಾಕಿದ್ದ ಕೌದಿ ತಿರುವಿ ಹಾಕಲು ಎದ್ದು ಹೋದ.

ಹನ್ನೆರಡನೇ ದಿನ ನೀರು ಇಳಿಯಿತು. ಬೆಳಿಗ್ಗೆ ಉಪ್ಪಿಟ್ಟಿನ ಸಾಲಿನಲ್ಲಿ ಅಪ್ಪನ ಹಿಂದೆಯೇ ನಿಂತಿದ್ದ ಈರಪ್ಪ ಊರು ನೋಡಲು ಹೋಗಿ ಬಂದ. ಕೋಣೆಯ ಬಾಗಿಲಲ್ಲಿ ನಿಂತು ಕರೆದ.

"ಲೇ ಹಣಮ್ಯಾ."

ಹನ್ನೆರಡು ದಿನ ಅವನು ನಮ್ಮಪ್ಪನನ್ನು ಹಣಮಪ್ಪ ಎಂದಿದ್ದ. ಆ ಹೆಸರು ನೀರಿನ ಜೊತೆಗೇ ಇಳಿದು ಹೋಗಿತ್ತು.

"ಊರಾಗ ದನ ಸತ್ತ ಬಿದ್ದಾವ. ನಾತ ತಡಿಯಂಗಿಲ್ಲ. ನಿಮ್ಮ ಮಂದೀನ ಕರಕೊಂಡ ನಡಿ."

ನಾನು ರಿಜಿಸ್ಟರು ಬಿಟ್ಟು ಎದ್ದೆ. "ಪಂಚಾಯತಿಯಿಂದ ಜೆಸಿಬಿ ಬರತೈತ್ರಿ. ನಾನು ಸಾಹೇಬರಿಗೆ ಫೋನ್ ಮಾಡೀನಿ."

"ಓಣ್ಯಾಗ ಜೆಸಿಬಿ ಹೋಗಂಗಿಲ್ರಿ ಮೇಡಮ್ಮಾರ. ಇವರಿಗೆ ರೂಢಿ ಐತಿ."

ನಮ್ಮಪ್ಪ ಹುಟ್ಟಿದಾಗಿನಿಂದ ಕಬ್ಬು ಕಡಿದವನು. ಸತ್ತ ದನ ಎಳೆದವನಲ್ಲ. ಅವನಿಗೆ ರೂಢಿ ಇರಲಿಲ್ಲ. ಆದರೂ ಎದ್ದ. ನಾನು ಅಡ್ಡ ನಿಂತೆ. ಅವ್ವ ನನ್ನ ತೋಳು ಹಿಡಿದಳು.

"ಹೋಗ್ಲಿ ಬಿಡು. ನಾಳೆ ಅದೇ ಊರಾಗ ಇರಬೇಕು. ಅವರ ಜೋಡಿ ಛಲೋ ಇರಬೇಕು."

"ಇರ್ಲಿ ಬಿಡ ಯವ್ವಾ" ಅಂದ ಅಪ್ಪ ನನಗೆ. ಹೋದ.

ನಾಲ್ಕು ದಿನ ಎಳೆದರು. ಅಪ್ಪ, ಅವ್ವನ ತಮ್ಮ ದುರಗೇಶ, ಕೇರಿಯ ಇನ್ನೂ ನಾಲ್ಕು ಗಂಡಸರು. ದನಗಳು ಉಬ್ಬಿ ಬಾಗಿಲಲ್ಲಿ ಸಿಕ್ಕಿಕೊಂಡಿದ್ದವು. ಕಾಲಿಗೆ ಹಗ್ಗ ಕಟ್ಟಿ ಜಗ್ಗಿದರೆ ಕಾಲಿನ ಚರ್ಮ ಹಗ್ಗದ ಜೊತೆ ಕಿತ್ತು ಬರುತ್ತಿತ್ತು. ಮತ್ತೆ ಸೊಂಟಕ್ಕೆ ಕಟ್ಟಬೇಕು. ಮೊಣಕಾಲು ಮಟ್ಟ ರಾಡಿ. ಕೈಗೆ ಗ್ಲೌಸಿಲ್ಲ, ಕಾಲಿಗೆ ಬೂಟಿಲ್ಲ. ನಾನು ಕೇಳಿ ಕೇಳಿ ತರಿಸಿದ ಬೂಟುಗಳು ಆರನೇ ದಿನ ಬಂದವು, ಎಳೆಯುವುದು ಮುಗಿದ ಮೇಲೆ. ಅಪ್ಪನ ಪಾದದಲ್ಲಿ ಕಬ್ಬಿನ ಕೂಳೆ ಚುಚ್ಚಿದ ಗಾಯವಿತ್ತು. ಮೈಯ ನಾತ ಹೋಗುವುದಿಲ್ಲವೆಂದು ಅವನು ಊಟಕ್ಕೆ ತಾನಾಗಿಯೇ ದೂರ ಕೂತ. ಯಾರೂ ಹತ್ತಿರ ಕರೆಯಲಿಲ್ಲ. ಮರುದಿನದಿಂದ ಎಳೆಯಲು ಹೋದ ಆರೂ ಜನ ದೂರ ಕೂತರು. ಅದರ ಮರುದಿನ ಅವರ ಹೆಂಡಿರು ಮಕ್ಕಳೂ.

ಎರಡು ವಾರಕ್ಕೆ ಅಪ್ಪನಿಗೆ ಜ್ವರ ಬಂತು. ಕಣ್ಣು ಅರಿಶಿನದ ಹಾಗಾದವು. ಉಚ್ಚೆ ಕಟ್ಟಿತು. ದೊಡ್ಡ ದವಾಖಾನೆಗೆ ಒಯ್ದೆವು. ಇಲಿಜ್ವರ, ರಾಡಿ ನೀರಿನಿಂದ ಗಾಯಕ್ಕೆ ಹತ್ತಿದ್ದು, ತಡವಾಗಿದೆ ಅಂದರು ಡಾಕ್ಟರು. ಐದನೇ ದಿನ ಅಪ್ಪ ಸತ್ತ. ಬನ್ನಿಹಾಳದ ಹೂಳಿನಲ್ಲಿಯೇ ಜಾಗ ತೋಡಿ ಹೂತೆವು. ಗುದ್ದಲಿ ಹಾಕಿದಲ್ಲೆಲ್ಲ ನೀರು ಒಸರುತ್ತಿತ್ತು.

ನೆರೆಯಲ್ಲಿ ಸತ್ತವರ ಪಟ್ಟಿ ಮಾಡಲು ಹೇಳಿದರು. ನೀರಿಗೆ ಬಿದ್ದು ಸತ್ತವರು, ಗೋಡೆ ಬಿದ್ದು ಸತ್ತವರು ಮಾತ್ರ ಅದರಲ್ಲಿ ಬರಬೇಕು. ಅಪ್ಪನ ಹೆಸರು ಅದರಲ್ಲಿ ಬರಲಿಲ್ಲ. ಪಟ್ಟಿ ಬರೆದವಳು ನಾನೇ.

ಅದಾದಮೇಲೆ ಬನ್ನಿಹಾಳವನ್ನೇ ಬೇರೆ ಕಡೆ ಎತ್ತಿ ಎಲ್ಲರಿಗೂ ಹೊಸ ಪ್ಲಾಟು ಕೊಡುವುದೆಂದಾಯಿತು; ಅಲ್ಲಿಯ ತನಕ ಇರಲು ಶೆಡ್ಡುಗಳು ಬಂದವು. ಹುನ್ನೂರ ರಸ್ತೆಯ ಬದಿಗೆ ದನ ಮೇಯುವ ಸರ್ಕಾರಿ ಗಾಯರಾಣದಲ್ಲಿ, ಕಲ್ಲು ಮುಳ್ಳು ತೆಗೆದು ನಾಲ್ಕು ಸಾಲು ತಗಡಿನ ಶೆಡ್ಡು ಹಾಕಿದರು. ಶಾಲೆಯ ರಿಜಿಸ್ಟರಿನಲ್ಲಿ ಹೆಸರು ಹೇಗಿತ್ತೋ ಅದೇ ಸಾಲಿನಲ್ಲಿ ಶೆಡ್ಡು ಹಂಚಿದೆ. ಅವ್ವನಿಗೆ ಹನ್ನೆರಡು. ಹನ್ನೊಂದರಲ್ಲಿ ಉಜ್ವಲಾ, ಮಿರಜ ಕಡೆಯಿಂದ ಬನ್ನಿಹಾಳಕ್ಕೆ ಬಂದ ನೇಕಾರರ ಸೊಸೆ, ಮನೆಯಲ್ಲಿ ಮರಾಠಿ ಮಾತು. ಅವರ ಮಗ್ಗಗಳು ನೀರಲ್ಲಿ ತುಕ್ಕು ಹಿಡಿದು, ಗಂಡ ರಬಕವಿಯಲ್ಲಿ ಬೇರೆಯವರ ಮಗ್ಗದ ಕೆಲಸಕ್ಕೆ ಹೋಗುತ್ತಿದ್ದ. ಹದಿಮೂರು ಈರಪ್ಪನ ಹೆಸರಿಗೆ ಬಂತು.

ಈರಪ್ಪ ತಗಡಿನಲ್ಲಿ ಇರಲಿಲ್ಲ. ಜಮಖಂಡಿಯಲ್ಲಿ ಮಗ ಯಲ್ಲಾಲಿಂಗನ ಮನೆಗೆ ಹೋದ. ಆದರೆ ಶೆಡ್ಡಿನಲ್ಲಿ ಯಾರಾದರೂ ಇರದಿದ್ದರೆ ಪ್ಲಾಟಿನ ಪಟ್ಟಿಯಿಂದ ಹೆಸರು ಹೋಗುತ್ತದೆ. ಅದಕ್ಕೆ ಹೆಂಡತಿಯನ್ನು ಒಂದು ಎಮ್ಮೆಯ ಜೊತೆ ಅಲ್ಲಿ ಬಿಟ್ಟ.

ಹೀಗೆ ಅವ್ವ ಮತ್ತು ಸಾವಿತ್ರೆವ್ವ ಒಂದೇ ತಗಡಿನ ಆಚೆ ಈಚೆ ಮೂರು ವರ್ಷದ ಹತ್ತಿರ ಬದುಕಿದರು. ಬೇಸಿಗೆಯಲ್ಲಿ ಒಳಗೆ ಕೂರಲು ಆಗುತ್ತಿರಲಿಲ್ಲ. ಎರಡು ಶೆಡ್ಡಿನ ನಡುವಿನ ನೆರಳಿನಲ್ಲಿ ಒಂದೇ ಒಲೆ ಹೂಡಿದರು. ಒಬ್ಬಳು ರೊಟ್ಟಿ ಬಡಿದರೆ ಇನ್ನೊಬ್ಬಳು ಬೇಯಿಸುವುದು. ಉಜ್ವಲಾ ಅವ್ವನಿಗೆ ರಾಟಿಯ ಮೇಲೆ ನೂಲಿನ ಕಂಡಕಿ ಸುತ್ತುವುದನ್ನು ಕಲಿಸಿದಳು. ಕಬ್ಬಿನ ಕೆಲಸವಿಲ್ಲದಾಗ ಅವ್ವ ಮಗ್ಗದ ನೂಲು ಸುತ್ತುತ್ತ ಕೂರುತ್ತಿದ್ದಳು. ಉಜ್ವಲಾ ಅರ್ಧ ಮರಾಠಿ ಅರ್ಧ ಕನ್ನಡದಲ್ಲಿ ಬೈದರೆ ಅವ್ವ ಅದನ್ನೇ ತಿರುಗಿಸಿ ಬೈಯುತ್ತಿದ್ದಳು. ಅವ್ವ ನಗುವುದನ್ನು ಅಪ್ಪ ಸತ್ತಮೇಲೆ ನಾನು ಅಲ್ಲಿಯೇ ಕೇಳಿದ್ದು.

ಕೊರೊನಾದ ಎರಡನೇ ವರ್ಷ ಸಾವಿತ್ರೆವ್ವ ಜಡ್ಡಾಗಿ ಮಲಗಿದಳು. ಈರಪ್ಪ ಮೋಟರ್‌ಸೈಕಲ್ ಮೇಲೆ ರಸ್ತೆಯ ತನಕ ಬಂದು, ಹಣ್ಣಿನ ಚೀಲ ಕಲ್ಲಿನ ಮೇಲಿಟ್ಟು ತಿರುಗಿ ಹೋದ. ಒಳಗೆ ಹೋದವಳು ಅವ್ವ. ಹನ್ನೊಂದು ದಿನ ಗಂಜಿ ಕುಡಿಸಿದಳು. ಮೈ ಒರೆಸಿದಳು. ಹಾಸಿಗೆಯಲ್ಲಿ ಆದದ್ದನ್ನು ಬಾಚಿ ಹೊರಗೆ ಹಾಕಿದಳು. ಎಮ್ಮೆಯನ್ನೂ ಹಿಂಡಿದಳು. ಸಾವಿತ್ರೆವ್ವ ಎದ್ದು ಕೂತ ದಿನ ನಾನು ಮಾತ್ರೆ ಕೊಡಲು ಹೋಗಿದ್ದೆ. ಅವಳು ಅವ್ವನ ಕೈ ಬಿಟ್ಟಿರಲಿಲ್ಲ.

"ಪ್ಲಾಟ ಕೊಟ್ರೂ ಹಿಂಗ ಬಾಜೂಕ ಬಾಜೂಕ ಕೊಡ್ಲಿ ತಂಗಿ. ನನಗ ನಿನ್ನ ಬಿಟ್ರ ಯಾರ ಅದಾರ" ಅಂದಳು.

ಅಷ್ಟು ದಿನ ಅವ್ವಾರ ಎನ್ನುತ್ತಿದ್ದ ಅವ್ವ ಆವತ್ತಿನಿಂದ ಅವಳನ್ನು ಅಕ್ಕ ಎಂದು ಕರೆದಳು.

ಮರುವರ್ಷ ಪ್ಲಾಟಿನ ಚೀಟಿ ಎತ್ತಿದರು. ಪಂಚಾಯತಿ ಕಟ್ಟೆಯ ಮೇಲೆ ಪ್ಲಾಸ್ಟಿಕ್ ಬಕೆಟ್ಟಿಟ್ಟು, ಎಲ್ಲರೆದುರಿಗೆ ಒಂದೊಂದೇ ಚೀಟಿ. ನಾನು ಓದಿ ಹೇಳಿದೆ. ಉಜ್ವಲಾಳ ಮನೆಗೆ ನಲವತ್ತೊಂದು. ತಾಯವ್ವಗೆ ನಲವತ್ತೆರಡು. ಈರಪ್ಪಗೆ ನಲವತ್ತಮೂರು. ನನಗೇ ನಂಬಲಾಗದೆ ಚೀಟಿಯನ್ನು ಇನ್ನೊಮ್ಮೆ ನೋಡಿದೆ. ಹೆಂಗಸರ ಸಾಲಿನಲ್ಲಿ ಸಾವಿತ್ರೆವ್ವ ಅವ್ವನ ತೊಡೆಯ ಮೇಲೆ ಹೊಡೆದು ನಕ್ಕಳು. ಈರಪ್ಪ ಎದ್ದು ಹೊರಗೆ ಹೋದ.

ನಮ್ಮ ಕೇರಿಯ ಆರು ಮನೆಗಳು ಚೀಟಿಯಲ್ಲಿ ಹೊಸ ಊರಿನ ತುಂಬ ಚದುರಿದ್ದವು. ಒಂದು ಗುಡಿಯ ಜಾಗದ ಎದುರಿಗೆ ಬಂದಿತ್ತು. ಒಂದು ದೊಡ್ಡ ರಸ್ತೆಗೆ. ಚೀಟಿಗೆ ಕೇರಿ ಗೊತ್ತಿರಲಿಲ್ಲ.

ಒಂದು ವಾರದೊಳಗೆ ಈರಪ್ಪ, ಯಲ್ಲಾಲಿಂಗ, ಮೇಲಿನ ಓಣಿಯ ಹತ್ತಿಪ್ಪತ್ತು ಜನ ಜಮಖಂಡಿಗೆ ಹೋಗಿ ತಹಶೀಲ್ದಾರರ ಮುಂದೆ ಕೂತರು. ಯಲ್ಲಾಲಿಂಗ ಪಂಚಾಯತಿ ಮೆಂಬರ್. ಬಿ.ಎ. ಓದಿದವನು. ಜಾತಿಯ ಹೆಸರು ಎತ್ತಲಿಲ್ಲ. "ಹಳೇ ಊರ ಹೆಂಗಿತ್ತೋ ಹಂಗ ಇರ್ಲಿ ಅಂತೀವ್ರಿ ನಾವು. ಅವರವರ ಮಂದಿ ಅವರವರ ಜೋಡಿ ಇದ್ರ ಅವರಿಗೂ ಅನುಕೂಲ" ಅಂದ.

ತಹಶೀಲ್ದಾರರು ನನ್ನನ್ನು ಒಳಗೆ ಕರೆದರು.

"ನೋಡ್ರಿ ಅಂಜನಾ, ಜಬರದಸ್ತಿ ಮಾಡೂದು ಬ್ಯಾಡ. ಪರಸ್ಪರ ಒಪ್ಪಿಗೆ ಪತ್ರ ಮಾಡಿಸೋಣ. ಆರು ಮನಿಯವರು ತಮ್ಮ ಪ್ಲಾಟು ಬಿಟ್ಟು ಹಳ್ಳದ ಕಡೆ ಸಾಲಿಗೆ ಹೋದ್ರಾತು. ನಿಮ್ಮ ಮಂದಿ, ನೀವ ತಿಳಿಸಿ ಹೇಳ್ರಿ."

"ಸರ್, ಚೀಟಿ ಎತ್ತೀವಿ. ಆದೇಶ ಆಗೇತಿ."

"ಊರು ಶಾಂತ ಇರಬೇಕಲ್ಲ?" ಅಂದರು ಮೆಲ್ಲಗೆ.

ಒಪ್ಪಿಗೆ ಪತ್ರ ಬರೆದೆ. ನನ್ನ ಅಕ್ಷರ ಚೆನ್ನಾಗಿದೆ ಎಂದು ಆಫೀಸಿನಲ್ಲಿ ಎಲ್ಲರೂ ಹೇಳುತ್ತಾರೆ.

ಪತ್ರ ಕೇರಿಗೆ ಮುಟ್ಟುವ ಮೊದಲೇ ಕಬ್ಬಿನ ಕೆಲಸ ನಿಂತಿತು. ಯಾರ ಹೊಲದಲ್ಲೂ ನಮ್ಮವರನ್ನು ಕರೆಯಲಿಲ್ಲ. ಗಿರಣಿಯವನು ಜೋಳ ಬೀಸಿಕೊಡಲು ಕರೆಂಟಿಲ್ಲವೆಂದ, ಅವನ ಬೆನ್ನ ಹಿಂದೆಯೇ ಗಿರಣಿ ಸದ್ದು ಮಾಡುತ್ತಿತ್ತು. ಹತ್ತು ದಿನಕ್ಕೆ ಐದು ಮನೆಯವರು ಹೆಬ್ಬೆಟ್ಟು ಒತ್ತಿದರು. ಕೊನೆಗೆ ಒತ್ತಿದವನು ಸೋದರಮಾವ ದುರಗೇಶ. ಅಪ್ಪನ ಜೊತೆ ದನ ಎಳೆದವನು.

"ನನಗ ಮೂರ ಮಂದಿ ಹೆಣ್ಣ ಮಕ್ಕಳು ಅದಾವ ಅಂಜನಾ. ಆ ಓಣ್ಯಾಗ ದಿನಾ ಬೈಸಿಕೊಂತ ಹೆಂಗ ಬೆಳೀತಾವ ಅವು? ನಮ್ಮ ಮಂದಿ ನಡುವ ಇರ್ತೀವಿ ಬಿಡು" ಅಂದ. ನನ್ನ ಮುಖ ನೋಡಲಿಲ್ಲ. ಬೆರಳಿನ ಮಸಿಯನ್ನು ಗೋಡೆಗೆ ಒರೆಸಿ ಹೋದ.

ಉಳಿದದ್ದು ಅವ್ವ.

ಮಧ್ಯಾಹ್ನ ಪತ್ರ, ಸ್ಟ್ಯಾಂಪ್ ಪ್ಯಾಡು ಹಿಡಿದು ಹನ್ನೆರಡನೇ ಶೆಡ್ಡಿಗೆ ಹೋದೆ. ಅವ್ವ ಕಂಡಕಿ ಸುತ್ತುತ್ತಿದ್ದಳು. ರಾಟಿ ನಿಲ್ಲಿಸಲಿಲ್ಲ.

"ಏನ ಬರದೈತಿ ಅದರಾಗ?"

"ನೀ ಖುಷೀಲೆ ಪ್ಲಾಟ ಬದಲ ಮಾಡಿಕೊಡಾಕತ್ತೀದಿ ಅಂತ."

"ಯಾರ ಬರದ್ರು?"

ನಾನು ಸ್ಟ್ಯಾಂಪ್ ಪ್ಯಾಡಿನ ಮುಚ್ಚಳ ತೆಗೆದೆ.

"ಯಾರ ಬರದ್ರು ಅಂತ ಕೇಳಿದೆ."

"ನಾನ."

ರಾಟಿ ನಿಂತಿತು. ಅವ್ವ ಬಹಳ ಹೊತ್ತು ಕಾಗದ ನೋಡಿದಳು. ಅವಳಿಗೆ ಓದಲು ಬರುವುದಿಲ್ಲ. ಆದರೂ ಮೇಲಿನಿಂದ ಕೆಳಗಿನ ತನಕ ನೋಡಿದಳು.

"ನಿಮ್ಮಪ್ಪ ದನ ಎಳಿಯಾಕ ಹೋಗುವಾಗ ಹೋಗ್ಲಿ ಬಿಡು ಅಂದಾಕಿ ನಾನ. ಅವರ ಜೋಡಿ ಛಲೋ ಇರಬೇಕು ಅಂದೆ. ಅವ ಹೋದ. ಸತ್ತ. ಅವರು ಅವನ ಮಣ್ಣಿಗೂ ಬರಲಿಲ್ಲ. ಈಗ ನಾ ಒತ್ತಂಗಿಲ್ಲ."

"ಯವ್ವಾ, ಅವರು ಬಿಡಂಗಿಲ್ಲ. ನಾಳೆ ನೀರ ಕೊಡಂಗಿಲ್ಲ, ದಾರಿ ಕೊಡಂಗಿಲ್ಲ. ಒಬ್ಬಾಕಿ ಹೆಂಗ ಇರ್ತಿ?"

"ನಾ ಕೇಳಿ ತಗೊಂಡಿಲ್ಲ ಅದನ್ನ. ಅವರ ಬಕೆಟ್ಟಿನ್ಯಾಗ ಅವರ ಚೀಟಿ ಬಂತು. ನಲವತ್ತೆರಡು ನಂದು."

"ನನ್ನ ನೌಕರಿ—"

"ನಿನ್ನ ನೌಕರಿ ನೀ ಮಾಡು. ತಾಯವ್ವ ಒತ್ತಂಗಿಲ್ಲ ಅಂದ್ಲು ಅಂತ ಬರಕೊಂಡ ಹೋಗು. ಅದೂ ನೌಕರಿನ ಅಲ್ಲೇನು?"

ಸ್ಟ್ಯಾಂಪ್ ಪ್ಯಾಡಿನ ಮುಚ್ಚಳ ಹಾಕಿ ನನ್ನ ಕೈಯಲ್ಲಿಟ್ಟಳು. ಮತ್ತೆ ರಾಟಿ ತಿರುಗಿಸಿದಳು. ನಾನು ಅವಳು ಹೇಳಿದ ಹಾಗೆಯೇ ಬರೆದುಕೊಂಡು ಹೋದೆ. ನನ್ನ ನೌಕರಿಯಲ್ಲಿ ನಾನು ಬರೆದ ನೆಟ್ಟಗಿನ ಮಾತು ಅದೊಂದೇ.

ಹದಿನೈದು ದಿನಕ್ಕೆ ತಹಶೀಲ್ದಾರರೇ ಬಂದರು. ಶೆಡ್ಡುಗಳ ನಡುವೆ ಕುರ್ಚಿ ಹಾಕಿದರು. ಮೇಲಿನ ಓಣಿಯವರು ಒಂದು ಕಡೆ ನಿಂತರು. ಇನ್ನೊಂದು ಕಡೆ ಅವ್ವ ಒಬ್ಬಳೇ ನಿಂತಳು. ಕೇರಿಯವರು ಯಾರೂ ಬರಲಿಲ್ಲ.

"ಏನ ತಾಯವ್ವ, ಎಲ್ಲಾರೂ ಒಪ್ಪ್ಯಾರ. ನಿಮಗೊಬ್ಬರಿಗೆ ಏನ ತ್ರಾಸ?"

"ಮೂರ ವರ್ಸ ಬಾಜೂಕ ಇದ್ದೀವ್ರಿ ಸಾಹೇಬ್ರ. ಒಂದ ಒಲಿ, ಒಂದ ಅಡಗಿ. ಆಗ ಯಾರಿಗೂ ತ್ರಾಸ ಆಗಲಿಲ್ಲ. ಗೋಡಿ ಬಂದ ಮ್ಯಾಲೆ ತ್ರಾಸ ಆಗತೈತೇನ್ರಿ? ಅಕ್ಕನ್ನ ಕೇಳ್ರಿ. ಆಕಿ ಹೇಳ್ಲಿ."

ತಹಶೀಲ್ದಾರರು ಸಾವಿತ್ರೆವ್ವನ ಕಡೆ ತಿರುಗಿದರು. ಅವಳು ಗಂಡನ ಹಿಂದೆ, ಸೆರಗು ಹೊದ್ದು ನಿಂತಿದ್ದಳು.

"ಏನವ್ವ, ನೀವು ಇವರ ಜೋಡಿ ಒಂದ ಒಲಿ ಮ್ಯಾಲ ಅಡಗಿ ಮಾಡ್ತಿದ್ರೇನು?"

ಒಲೆ ಅವಳ ಕಾಲಿನಿಂದ ಹತ್ತು ಹೆಜ್ಜೆಯೂ ಇರಲಿಲ್ಲ. ಬೆಳಗಿನ ಬೂದಿ ಹಾಗೆಯೇ ಇತ್ತು. ಸಾವಿತ್ರೆವ್ವ ನೆಲ ನೋಡಿದಳು.

"ಇಲ್ರಿ. ನಂದ ಬ್ಯಾರೆ ಇತ್ರಿ."

ನನಗೆ ತಡೆಯಲಾಗಲಿಲ್ಲ. ನಾನು ಆಫೀಸಿನವಳು, ಬಾಯಿ ಹಾಕಬಾರದಿತ್ತು. "ನೀವು ಜಡ್ಡಿನ್ಯಾಗ ಮಲಗಿದಾಗ ಹನ್ನೊಂದ ದಿನ ಗಂಜಿ ಕುಡಿಸಿದಾಕಿ ಯಾರ್ರಿ?" ಅಂದೆ.

"ನನಗ ಆಗ ಎಚ್ಚರ ಇರ್ಲಿಲ್ಲವ್ವ. ನೆನಪಿಲ್ಲ."

ಅವಳ ದನಿ ಕೇಳಿಸಿದ್ದು ಕಷ್ಟದಿಂದ. ಈರಪ್ಪ ಹಿಂದಕ್ಕೆ ತಿರುಗಿಯೂ ನೋಡಲಿಲ್ಲ. ಅವ್ವ ಸಾವಿತ್ರೆವ್ವನನ್ನೇ ನೋಡುತ್ತಿದ್ದಳು. ಸಿಟ್ಟಿನಿಂದ ಅಲ್ಲ. ಗುರುತು ಸಿಗದವರನ್ನು ನೋಡುವ ಹಾಗೆ. ಆಮೇಲೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆವತ್ತಿನಿಂದ ಅವರಿಬ್ಬರ ನಡುವೆ ಮಾತಿಲ್ಲ.

ಎರಡು ತಿಂಗಳಿಗೆ ಹೊಸ ನಕ್ಷೆ ಬಂತು. ಅದರಲ್ಲಿ ನಲವತ್ತೆರಡರ ಮೇಲೆ 'ಸಮುದಾಯ ಭವನಕ್ಕೆ ಕಾಯ್ದಿರಿಸಿದೆ' ಎಂದಿತ್ತು. ತಾಯವ್ವಗೆ ಪರ್ಯಾಯವಾಗಿ ಎಂಬತ್ತೆಂಟು, ಹಳ್ಳದ ಸಾಲಿನ ಕೊನೆಯದು. ಒಪ್ಪಿಗೆಯ ಅಗತ್ಯ ಬೀಳಲಿಲ್ಲ. ನಾನು ಮೇಲಿನವರಿಗೆ ಅರ್ಜಿ ಬರೆದೆ. ಮೂರು ಸಲ ಬರೆದೆ. ಮೂರನೆಯದಕ್ಕೆ ಉತ್ತರ ಬಂತು: ಸರ್ಕಾರಿ ನೌಕರಳು ಸ್ವಂತ ಕುಟುಂಬದ ವಿಷಯದಲ್ಲಿ ಪ್ರಭಾವ ಬೀರಿದ ಬಗ್ಗೆ ಏಳು ದಿನದಲ್ಲಿ ಸಮಜಾಯಿಷಿ ಕೊಡಬೇಕು. ಕೊಟ್ಟೆ. ಇನ್ನು ಮುಂದೆ ಹಾಗೆ ಮಾಡುವುದಿಲ್ಲ ಎಂದು ಬರೆದುಕೊಟ್ಟೆ.

ಮನೆಗಳು ಎದ್ದವು. ಮಂದಿ ಒಬ್ಬೊಬ್ಬರೇ ಶೆಡ್ಡು ಬಿಟ್ಟು ಹೋದರು. ಹಳೆಯ ಊರಿನಲ್ಲಿ ಇದ್ದ ಹಾಗೆಯೇ ಹೊಸ ಊರು ಆಯಿತು. ಮೇಲೆ ಮೇಲಿನವರು, ಕೆಳಗೆ ನಮ್ಮವರು. ಉಜ್ವಲಾ ಮೊದಮೊದಲು ನೂಲು ಕೊಡಲು ಬರುತ್ತಿದ್ದಳು. ಆಮೇಲೆ ಅವಳ ಅತ್ತೆ ಬೇಡವೆಂದಳಂತೆ. ಅದನ್ನು ಅವಳೇ ಬಂದು ಅಳುತ್ತ ಹೇಳಿ, ರಾಟಿ ತೆಗೆದುಕೊಂಡು ಹೋದಳು. ರಾಟಿ ಅವಳದೇ.

ಅವ್ವ ಎಂಬತ್ತೆಂಟಕ್ಕೆ ಹೋಗಲಿಲ್ಲ. ಖಾಲಿ ಶೆಡ್ಡುಗಳ ನಡುವೆ ಒಬ್ಬಳೇ ಉಳಿದಳು. ನಲ್ಲಿ ಬಂದ್ ಆಯಿತು. ಒಂದು ಮೈಲಿ ದೂರದಿಂದ ಕೊಡ ಹೊತ್ತಳು. ಕರೆಂಟು ತೆಗೆದರು. ನನ್ನ ಬಾಡಿಗೆ ಕೋಣೆಗೆ ಬಾ ಎಂದೆ. "ನನಗ ಪ್ಲಾಟ ಐತಿ" ಅಂದಳು. ಬೇರೆ ಮಾತೇ ಇಲ್ಲ.

ಹೋದ ವರ್ಷ ಬೇಸಿಗೆಯ ಮೊದಲಿಗೆ ಶೆಡ್ಡು ಬಿಚ್ಚುವ ಆದೇಶ ಬಂತು. ಬಿಚ್ಚುವ ಮೊದಲು ಪಂಚನಾಮೆ ಮಾಡಬೇಕು. ಎಲ್ಲ ಶೆಡ್ಡು ಖಾಲಿ ಇವೆ, ಎಲ್ಲ ಸಂತ್ರಸ್ತರಿಗೂ ಪುನರ್ವಸತಿ ಆಗಿದೆ ಎಂದು ಬರೆಯಬೇಕು. ನನ್ನನ್ನೇ ಕಳಿಸಿದರು. ಸ್ಥಳದಿಂದ ಫೋನು ಮಾಡಿದೆ. "ಸರ್, ಹನ್ನೆರಡರಾಗ ನಮ್ಮವ್ವ ಅದಾಳ."

"ದಾಖಲೆಯೊಳಗ ಅವರು ಎಂಬತ್ತೆಂಟರಾಗ ಅದಾರ ಅಂಜನಾ. ಒಬ್ಬರು ಎರಡು ಕಡೆ ಇರಾಕ ಬರಂಗಿಲ್ಲ. ಖಾಲಿ ಅಂತ ಬರೀರಿ. ನಿಮ್ಮ ಮ್ಯಾಲೆ ಮೊದಲ ಒಂದು ನೋಟಿಸು ಐತಿ, ನೋಡಿ ಮಾಡ್ರಿ."

ಅದೇ ಮೆಲುದನಿ.

ಸಾಕ್ಷಿ ಸಹಿಗೆ ಪಂಚರಾಗಿ ಇಬ್ಬರು ಬಂದಿದ್ದರು. ಒಬ್ಬ ಯಲ್ಲಾಲಿಂಗ. ಕೆಲಸಗಾರರು ತಗಡು ಬಿಚ್ಚುತ್ತ ಬಿಚ್ಚುತ್ತ ಹನ್ನೆರಡಕ್ಕೆ ಬಂದು ನಿಂತರು. ಅವ್ವ ಒಳಗೆ ರೊಟ್ಟಿ ಬಡಿಯುತ್ತಿದ್ದಳು. ಅವರಲ್ಲಿ ವಯಸ್ಸಾದವನೊಬ್ಬ ಬೋಲ್ಟು ಬಿಚ್ಚುವ ಪಾನಾ ಕೆಳಗಿಟ್ಟ.

"ಒಳಗ ಮುದುಕಿ ಅದಾಳಲ್ರಿ."

"ಖಾಲಿ ಐತಿ. ಬಿಚ್ಚರಿ" ಅಂದ ಯಲ್ಲಾಲಿಂಗ.

ಅವರು ನನ್ನ ಮುಖ ನೋಡಿದರು. ನಾನು ಕಾಗದದ ಮೇಲೆ ಬರೆಯುತ್ತಿದ್ದೆ. ಹತ್ತು, ಖಾಲಿ. ಹನ್ನೊಂದು, ಖಾಲಿ. ಹನ್ನೆರಡು ಎಂದು ಬರೆದು ಪೆನ್ನು ನಿಂತಿತು. ಆಮೇಲೆ ಬರೆದೆ. ಖಾಲಿ.

ಮೇಲಿನ ತಗಡು ತೆಗೆದರು. ಬಿಸಿಲು ನೇರ ಅವ್ವನ ತಲೆಯ ಮೇಲೆ ಬಿತ್ತು. ಅವಳು ತಲೆ ಎತ್ತಲಿಲ್ಲ. ಹಂಚಿನ ಮೇಲಿನ ರೊಟ್ಟಿ ತಿರುವಿದಳು. ಪಕ್ಕದ ತಗಡು ಹೋಯಿತು. ಹಿಂದಿನದು ಹೋಯಿತು. ಕೊನೆಗೆ ಬಯಲಿನಲ್ಲಿ ಒಂದು ಒಲೆ, ಒಂದು ಡಬ್ಬಿ, ಎರಡು ಕೌದಿ, ಅವ್ವ. ಇದ್ದ ಹಿಟ್ಟೆಲ್ಲ ಮುಗಿಯುವ ತನಕ ಬಡಿದಳು. ಆಮೇಲೆ ಕೈ ಒರೆಸಿಕೊಂಡು ನನ್ನನ್ನು ಕರೆದಳು.

"ಏನ ಬರದಿ, ಓದು."

ಓದಿದೆ. ಸುಳ್ಳು ಓದಬಹುದಿತ್ತು. ಅವಳಿಗೆ ತಿಳಿಯುತ್ತಿರಲಿಲ್ಲ. ಆದರೆ ಇದ್ದದ್ದನ್ನೇ ಓದಿದೆ.

ಅವ್ವ ಕೇಳಿಸಿಕೊಂಡಳು. ಬೈಯಲಿಲ್ಲ. ಬೈದಿದ್ದರೆ ನಾನು ಅಲ್ಲಿ ಕೂತು ಅಳುತ್ತಿದ್ದೆ. ರೊಟ್ಟಿಗಳನ್ನು ಅರಿವೆಯಲ್ಲಿ ಕಟ್ಟಿದಳು. ಅದರಲ್ಲಿ ಎರಡು ತೆಗೆದು, ಪಾನಾ ಕೆಳಗಿಟ್ಟಿದ್ದ ಆ ವಯಸ್ಸಾದವನ ಕೈಗೆ ಕೊಟ್ಟಳು. ಕೌದಿ ಹೆಗಲಿಗೆ ಹಾಕಿ, ಡಬ್ಬಿ ಬಗಲಿಗಿಟ್ಟು, ಹಳೆಯ ಊರಿನ ಕಡೆ ನಡೆದಳು. ಅಲ್ಲಿ ಮನೆಗಳಿಲ್ಲ. ಹೂಳಿನ ಮೇಲೆ ಜಾಲಿ ಬೆಳೆದಿದೆ. ಯಾರೂ ವಾಸ ಮಾಡಬಾರದೆಂದು ಸರ್ಕಾರವೇ ಬೋರ್ಡು ಹಾಕಿದೆ.

ನಾನು ಹಿಂದೆ ಹಿಂದೆ ಹೋದೆ. ಡಬ್ಬಿ ಕೊಡು ಎಂದು ಕೈ ಚಾಚಿದೆ.

"ನೀ ಬರಬ್ಯಾಡ. ನಿನ್ನ ಕೆಲಸ ಐತಿ" ಅಂದಳು.

ನಿಂತೆ. ಅವಳು ಗಾಯರಾಣ ದಾಟಿ ಹೊಳೆಯ ಕಡೆ ಇಳಿದಳು. ಒಮ್ಮೆಯೂ ತಿರುಗಲಿಲ್ಲ. ಹಿಂದೆ ಯಲ್ಲಾಲಿಂಗ ಪೆನ್ನು ಕೇಳುತ್ತಿದ್ದ, ಅವನ ಸಹಿ ಬಾಕಿ ಇತ್ತು. ಕೊಟ್ಟೆ. ಸಹಿ ಮಾಡಿದ. ಸಂಜೆಯೊಳಗೆ ಪಂಚನಾಮೆಯನ್ನು ಜಮಖಂಡಿಗೆ ಮುಟ್ಟಿಸಬೇಕಿತ್ತು.

ಮುಟ್ಟಿಸಿದೆ.